ಧೋಂಡಿಯ ವಾಘನೂ ಕುಂಪಣಿಯ ದಂಡೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದವರು "ಭಯೋತ್ಪಾದನೆಯನ್ನು ಬಲಿಷ್ಠ ರಾಷ್ಟ್ರವೊಂದು ಎದುರಿಸತಕ್ಕ ಬಗೆ" ಎಂಬ ವಿಷಯವನ್ನು ಚರ್ಚೆಗೆ ಇಟ್ಟಿದ್ದರು. ನಾನೂ ವೇದಿಕೆ ಹತ್ತಿ ಏಳು ನಿಮಿಷ ಮಾತನಾಡಿದೆ. ಶತ್ರುವಿನ ಹುಟ್ಟಡಗಿಸಬೇಕು, ಬೇರುಸಹಿತ ಕಿತ್ತೊಗೆಯಬೇಕು ಎಂಬಿವೇ ಮೊದಲಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆನಾದುದರಿಂದ ಚಪ್ಪಾಳೆಗೆ ಕೊರತೆಯಾಗಲಿಲ್ಲ.

ನಮ್ಮ ಊರು ಬಾತಿ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವವರಿಗೆ ನಮ್ಮ ಕೆರೆಯೂ ಗುಡ್ಡವೂ ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಇಳಿದು ನೋಡುವವರು ಕಡಿಮೆ. ಆ ವಾರ ನಮ್ಮ ದೊಡ್ಡಪ್ಪನ ಮಗ ರಜೆಯ ಮೇಲೆ ಊರಿಗೆ ಬಂದಿದ್ದ. ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲಿ ಅವನಿಗೆ ಕೆಲಸ, ಇರುವುದು ಕಾಶ್ಮೀರದಲ್ಲಿ. ಸಂಜೆ ಕೆರೆಯ ಏರಿಯ ಮೇಲೆ ಕುಳಿತು ನನ್ನ ಭಾಷಣವನ್ನು ಅಣ್ಣನಿಗೆ ಒಪ್ಪಿಸಿದೆ. ಅವನು ಕೊನೆಯವರೆಗೂ ಕೇಳಿ, "ಎಲ್ಲಾ ಚೆನ್ನಾಗೈತಪ್ಪಾ. ಆದ್ರೆ ವರ್ಷದಾಗೆ ಮುನ್ನೂರು ದಿನ ನಾವು ಯಾರ್ನೂ ಕಿತ್ತು ಒಗೆಯಾದಿಲ್ಲ. ಬೆಳಗಾಗೆದ್ದು ದಾರಿ ನೋಡಾದು, ದಾರಿ ಕಾಯಾದು, ರೇಷನ್ ಲಾರಿ ದಾಟಿಸಾದು. ಅಷ್ಟೇ ಕೆಲಸ" ಎಂದ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಅವನ ಪಡೆಯ 40 ಮಂದಿ ಪ್ರಾಣ ಕಳೆದುಕೊಂಡದ್ದು ಕಾಡಿನಲ್ಲಿ ಅಲ್ಲ, ಹೆದ್ದಾರಿಯ ಮೇಲೆ, ಬಸ್ಸಿನಲ್ಲಿ ಕುಳಿತಿದ್ದಾಗ. ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯವನೊಬ್ಬನೂ ಇದ್ದ. ನನ್ನ ಏಳು ನಿಮಿಷದಲ್ಲಿ ದಾರಿ ಎಂಬ ಶಬ್ದವೇ ಇರಲಿಲ್ಲ.

ಈ ಸಂಗತಿಯನ್ನು ನಮ್ಮ ಇತಿಹಾಸದ ಅಧ್ಯಾಪಕರಲ್ಲಿ ಹೇಳಿಕೊಂಡೆ. ಅವರು ನಕ್ಕು, "ಅದಕ್ಕೆ ಕಾಶ್ಮೀರದವರೆಗೂ ಹೋಗಬೇಕಿಲ್ಲ. ನಿಮ್ಮ ಊರಿನಿಂದ ಮೂರು ಹರದಾರಿಯೊಳಗೇ ಹರಿಹರದ ಹೊಳೆ ಇದೆ. 1800ನೆಯ ಇಸವಿಯಲ್ಲಿ ಅದರ ದಡದಲ್ಲಿ ಏನು ನಡೆಯಿತೆಂದು ಓದಿಕೊಂಡು ಬನ್ನಿ" ಎಂದರು. ಓದಿ ನನಗೆ ತೋರಿದುದನ್ನು ಇಲ್ಲಿ ಬರೆದಿದ್ದೇನೆ.

ಧೋಂಡಿಯ ವಾಘನು ಹುಟ್ಟಿದ್ದು ಚನ್ನಗಿರಿಯಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಚನ್ನಗಿರಿಯೂ ನಮ್ಮದೇ ಜಿಲ್ಲೆಗೆ ಸೇರಿತಾದುದರಿಂದ ಅವನನ್ನು ನಮ್ಮ ಜಿಲ್ಲೆಯವನೆಂದು ಕರೆಯಲು ಅಡ್ಡಿಯಿಲ್ಲ. ಮರಾಠಾ ಮನೆತನದವನು, ಹೈದರನ ಕಾಲದಲ್ಲಿ ಕುದುರೆಯ ಸವಾರನಾಗಿ ಸೇರಿದವನು. ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ಬಂದ ಯುದ್ಧದಲ್ಲಿ ಟೀಪುವಿನ ದಂಡನ್ನು ಬಿಟ್ಟು ಲಕ್ಷ್ಮೇಶ್ವರ, ಸವಣೂರುಗಳ ಕಡೆ ಹೋಗಿ ತನ್ನದೇ ಗುಂಪು ಕಟ್ಟಿ ಸುಲಿಗೆಯಿಂದ ಬದುಕುತ್ತಿದ್ದ. ಟೀಪು ಅವನನ್ನು ಕರೆಸಿ, ಮತಕ್ಕೆ ಸೇರಿಸಿ, ಕೆಲಕಾಲ ಆದರದಿಂದ ಇಟ್ಟುಕೊಂಡು, ಆಮೇಲೆ ಸಂದೇಹಪಟ್ಟು ಸೆರೆಯಲ್ಲಿಟ್ಟನು. 1799ರ ಮೇ 4ರಂದು ಪಟ್ಟಣ ಬಿದ್ದು ಟೀಪು ಮಡಿದ ದಿನ ಸೆರೆಮನೆಯ ಬಾಗಿಲು ತೆರೆಯಿತು. ಅಲ್ಲಿಂದ ಹೊರಬಿದ್ದ ಬಂದಿಗಳಲ್ಲಿ ಇವನೊಬ್ಬ.

ಇಲ್ಲಿಂದ ಮುಂದಿನ ಕಥೆಯನ್ನು ಎಲ್ಲರೂ ಅವನ ಸಾಹಸದ ಕಥೆಯಾಗಿ ಹೇಳುತ್ತಾರೆ. ಸಾಹಸವಿದ್ದುದು ನಿಜ. ಆದರೂ ಒಬ್ಬ ಸೆರೆಯಾಳು ಎರಡು ತಿಂಗಳೊಳಗೆ ಬಿದನೂರು ಸೀಮೆಯ ಕಿಲ್ಲೆಗಳನ್ನು ಹಿಡಿಯುವಷ್ಟು ಸವಾರರನ್ನು ಎಲ್ಲಿಂದ ತಂದ ಎಂದು ಕೇಳಿಕೊಳ್ಳಬೇಕು. ಟೀಪುವಿನ ದಂಡು ಒಂದೇ ದಿನದಲ್ಲಿ ಒಡೆಯನಿಲ್ಲದ ದಂಡಾಗಿತ್ತು. ಕುದುರೆಯಿದೆ, ಕತ್ತಿಯಿದೆ, ಸಂಬಳ ಕೊಡುವವರಿಲ್ಲ. ಆ ಸವಾರರ ಪೈಕಿ ಅನೇಕರಿಗೆ ಬೇಸಾಯ ತಿಳಿಯದು, ತಿಳಿದವರಿಗೆ ಭೂಮಿಯಿಲ್ಲ. ಅಂಥವರ ನಡುವೆ "ಬನ್ನಿ" ಎಂದು ಕರೆದವನು ಧೋಂಡಿಯ. ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡನಂತೆ. ಈ ಬಿರುದನ್ನು ಓದಿ ನಾವು ನಗಬಹುದು. ತಿಂಗಳ ಸಂಬಳವನ್ನು ಈ ಲೋಕದಲ್ಲೇ ಕಳೆದುಕೊಂಡವನಿಗೆ ಅದು ನಗುವ ಮಾತಾಗಿ ಕೇಳಿಸಿರಲಾರದು.

ಇದೇ ತಪ್ಪನ್ನು ನಮ್ಮ ಕಾಲದ ಅತಿ ಬಲಿಷ್ಠ ರಾಷ್ಟ್ರವೂ ಮಾಡಿದ್ದನ್ನು ಇಲ್ಲಿಯೇ ನೆನೆಯುವುದು ಅಪ್ರಸ್ತುತವಲ್ಲ. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಾಗ್ದಾದನ್ನು ಹಿಡಿಯಿತು. ಮೇ 23ರಂದು ಅಲ್ಲಿಯ ಅಮೆರಿಕನ್ ಆಡಳಿತವು ಒಂದೇ ಆಜ್ಞೆಯಿಂದ ಇರಾಕಿನ ಸೇನೆಯನ್ನು ವಿಸರ್ಜಿಸಿತು. ಲಕ್ಷಾಂತರ ಜನ ಆಯುಧಬಲ್ಲವರು ಕೆಲಸವಿಲ್ಲದೆ ಬೀದಿಗೆ ಬಂದರು. ಅನಂತರದ ದಂಗೆಯಲ್ಲಿಯೂ, ಅದಾದ ಮೇಲೆ ಐಸಿಸ್ ಎಂಬ ಹೆಸರಿನಲ್ಲಿ ಬೆಳೆದ ಪಡೆಯಲ್ಲಿಯೂ ಆ ಹಳೆಯ ಸೇನೆಯ ಅಧಿಕಾರಿಗಳು ಇದ್ದರೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ಶ್ರೀರಂಗಪಟ್ಟಣದ ಮೇ ತಿಂಗಳಿಗೂ ಬಾಗ್ದಾದಿನ ಮೇ ತಿಂಗಳಿಗೂ ನಡುವೆ 204 ವರ್ಷ.

ಕುಂಪಣಿಯ ಮೊದಲ ಯತ್ನ ಬರಿಯ ಬೆನ್ನಟ್ಟುವಿಕೆ. 1799ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಸ್ಟೀವನ್‌ಸನ್, ಡಾಲ್ರಿಂಪಲ್ ಎಂಬಿಬ್ಬರು ಸೇನಾನಿಗಳು ಎರಡು ಕಡೆಯಿಂದ ಬಂದರು. ಆಗಸ್ಟ್ 17ರಂದು ಶಿಕಾರಿಪುರದಲ್ಲಿ ಧೋಂಡಿಯನಿಗೆ ಸೋಲಾಯಿತು. ಅವನು ಗಡಿ ದಾಟಿ ಮರಾಠರ ಸೀಮೆಗೆ ಹೋದ. ಬೆನ್ನಟ್ಟಿದವರು ಗಡಿಯಲ್ಲಿ ನಿಂತರು. ಏಕೆಂದರೆ ಆಚೆಯದು ಪೇಶ್ವೆಯ ರಾಜ್ಯ, ಕುಂಪಣಿಯ ಸ್ನೇಹಿತನದು. ಹೊಳೆಯಾಚೆ ಧೋಂಡಿಯನ ಪಾಳೆಯವನ್ನು ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯ ಜನ ಹೊಡೆದರೂ ಅವನು ಸಾಯಲಿಲ್ಲ. ಹೀಗೆ ಹತ್ತು ತಿಂಗಳೊಳಗೆ ಮೊದಲಿಗಿಂತ ದೊಡ್ಡ ದಂಡನ್ನು ಕೂಡಿಸಿಕೊಂಡು ಸವಣೂರು-ಧಾರವಾಡ ಸೀಮೆಯಲ್ಲಿ ಮತ್ತೆ ಎದ್ದ. ತುಂಗಭದ್ರೆಯ ಆಚೆ ದಡ 1956ರವರೆಗೂ ಬೇರೆ ಸಂಸ್ಥಾನ, ಬೇರೆ ಪ್ರಾಂತವಾಗಿಯೇ ಇತ್ತು. ಈಗ ನಾವು ರಾಣಿಬೆನ್ನೂರಿಗೆ ಮದುವೆಗೆ ಹೋಗಿ ಸಂಜೆಗೆ ಮರಳುತ್ತೇವೆ. ಆಗ ಅದು ತಪ್ಪಿಸಿಕೊಂಡವನಿಗೆ ಇನ್ನೊಂದು ಲೋಕ.

1800ರ ಮೇ ತಿಂಗಳಲ್ಲಿ ಮದರಾಸಿನ ಸರ್ಕಾರದಿಂದ ಆಜ್ಞೆ ಬಂತು. ಎಲ್ಲಿದ್ದರೂ ಹಿಡಿದು ಎದುರಿಗೆ ಸಿಕ್ಕ ಮರಕ್ಕೆ ನೇತುಹಾಕಬೇಕೆಂಬುದೇ ಅದರ ತಾತ್ಪರ್ಯ. ನನ್ನ ಭಾಷಣದ ಧಾಟಿಯೇ. ಆಜ್ಞೆ ಹೋದದ್ದು ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಆಗ ಅವನಿಗೆ 31 ವಯಸ್ಸು. ಅವನ ಕಾಗದಗಳು ಮುಂದೆ ಅಚ್ಚಾಗಿವೆ. ಶೌರ್ಯದ ಮಾತನ್ನು ನಿರೀಕ್ಷಿಸಿ ಅವನ್ನು ತೆರೆದವನಿಗೆ ನಿರಾಶೆಯಾಗುತ್ತದೆ. ಎಲ್ಲಿ ನೋಡಿದರೂ ಅಕ್ಕಿ, ಎತ್ತು, ಹರಿಗೋಲು, ಹೊಳೆಯ ನೀರು. ಅಕ್ಕಿಯೂ ಎತ್ತೂ ಇದ್ದರೆ ತನಗೆ ಆಳುಗಳಿದ್ದಂತೆ, ಆಳುಗಳಿದ್ದರೆ ಶತ್ರುವನ್ನು ಸೋಲಿಸುವುದು ನಿಶ್ಚಯ ಎಂಬುದು ಅವನ ಮತ.

ಈ ಅಕ್ಕಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಧೋಂಡಿಯನ ದಂಡಿಗೆ ಉಗ್ರಾಣವಿಲ್ಲ. ಯಾವ ಊರಿಗೆ ಹೋದರೆ ಆ ಊರಿನ ಹಗೇವಿನ ಕಾಳೇ ಅದರ ಉಗ್ರಾಣ, ಆ ಊರಿನ ಬಣವೆಯೇ ಕುದುರೆಗೆ ಮೇವು. ಅದರಿಂದ ಅವನಿಗೆ ವೇಗ ಬಂತು. ಕುಂಪಣಿಯ ದಂಡು ಹಾಗಲ್ಲ. ಅದರ ಕಾಳು ಅದರ ಹಿಂದೆ ನಡೆದು ಬರಬೇಕು. ಅದನ್ನು ತರುತ್ತಿದ್ದವರು ನಮ್ಮ ಲಂಬಾಣಿಗಳು. ಸಾವಿರಾರು ಹೇರೆತ್ತುಗಳ ಮೇಲೆ ಕಾಳು ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದಂಡಿನ ಜೊತೆ ಸಾಗಿ, ಪಾಳೆಯದ ಪೇಟೆಯಲ್ಲಿ ಮಾರುತ್ತಿದ್ದರು. ಅವರು ಸಂಬಳದವರಲ್ಲ, ವ್ಯಾಪಾರಿಗಳು. ದಾರಿಯಲ್ಲಿ ಸುಲಿಗೆಯಾದರೆ, ಕೊಂಡ ಮಾಲಿಗೆ ಬೆಲೆ ಸಿಗದಿದ್ದರೆ, ಎತ್ತುಗಳನ್ನು ತಿರುಗಿಸಿಕೊಂಡು ಹೊರಟುಹೋಗುತ್ತಿದ್ದರು. ಆಗ ಎಂಥ ಸೇನಾಪತಿಯಾದರೂ ನಿಂತಲ್ಲೇ ನಿಲ್ಲಬೇಕು. ಆದಕಾರಣ ತನ್ನ ಸಿಪಾಯಿಗಳು ಊರನ್ನು ಸುಲಿಯದಂತೆ ತಡೆಯುವುದು ವೆಲ್ಲೆಸ್ಲಿಗೆ ದಯೆಯ ವಿಷಯವಾಗುವ ಮೊದಲು ಊಟದ ವಿಷಯವಾಗಿತ್ತು. ಹಿಂದಿನ ವರ್ಷ ಶ್ರೀರಂಗಪಟ್ಟಣದ ಸೂರೆಯನ್ನು ನಿಲ್ಲಿಸಲು ಅವನು ತನ್ನ ಕಡೆಯ ನಾಲ್ವರನ್ನು ಗಲ್ಲಿಗೇರಿಸಿದ್ದ. ಕಳ್ಳನನ್ನು ಹಿಡಿಯಲು ಬಂದವನು ತಾನೂ ಕದಿಯತೊಡಗಿದರೆ ಊರವರಿಗೆ ಇಬ್ಬರಲ್ಲಿ ಭೇದ ಕಾಣುವುದಿಲ್ಲ. ಹಳ್ಳಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ದಂಡು ಚಿತ್ರದುರ್ಗದಲ್ಲಿ ಕೂಡಿತು. ಜೂನ್ ನಡುವೆ ಹರಿಹರದಲ್ಲಿ ಪಾಳೆಯ ಬಿಟ್ಟಿತು. ಚಿತ್ರದುರ್ಗದಿಂದ ಹರಿಹರಕ್ಕೆ ಇಂದು ಹೋಗುವ ಹೆದ್ದಾರಿ ನಮ್ಮ ಬಾತಿಯ ಮಗ್ಗುಲಲ್ಲೇ ಇದೆ. ಈ ಸಲ ಗಡಿಯಲ್ಲಿ ನಿಲ್ಲಬೇಕಾಗಿರಲಿಲ್ಲ. ಪುಣೆಯಲ್ಲಿದ್ದ ಕುಂಪಣಿಯ ರೆಸಿಡೆಂಟನ ಮೂಲಕ ಪೇಶ್ವೆಯ ಒಪ್ಪಿಗೆಯನ್ನು ಪಡೆದಾಗಿತ್ತು. ಅಂದರೆ ಯುದ್ಧದ ಅರ್ಧ ಭಾಗ ಹೊಳೆಯ ದಡದಲ್ಲಿ ನಡೆಯದೆ ಪುಣೆಯ ದರ್ಬಾರಿನಲ್ಲಿ ನಡೆಯಿತು. ಅಮೆರಿಕವು 2001ರಿಂದ 2021ರವರೆಗೆ ಇಪ್ಪತ್ತು ವರ್ಷ ಅಫ್ಘಾನಿಸ್ತಾನದಲ್ಲಿ ಕಾದಿತು. ಅವರ ಶತ್ರುಗಳಿಗೆ ಪಾಕಿಸ್ತಾನದ ಗಡಿಯೇ ತುಂಗಭದ್ರೆಯಾಯಿತು. 2011ರ ಮೇ 2ರಂದು ಒಸಾಮಾ ಬಿನ್ ಲಾಡೆನ್ನನನ್ನು ಅಬ್ಬೊಟ್ಟಾಬಾದಿನಲ್ಲಿ ಕೊಂದಾಗ ಆ ದೇಶದ ಅಪ್ಪಣೆ ಕೇಳಲಿಲ್ಲ. ಒಬ್ಬನನ್ನು ಕೊಲ್ಲಲು ಹೀಗೆ ಸಾಧ್ಯವಾಯಿತು. ಗಡಿಯನ್ನು ಮುಚ್ಚಲು ಸಾಧ್ಯವಾಗಲಿಲ್ಲ. 2021ರ ಆಗಸ್ಟ್‌ನಲ್ಲಿ ಕಾಬೂಲು ಮತ್ತೆ ತಾಲಿಬಾನಿನ ಕೈಗೆ ಹೋಯಿತು.

ಜೂನ್ ಕೊನೆಯಲ್ಲಿ, ಮುಂಗಾರಿನ ನೀರು ಏರುವ ಮೊದಲೇ, ದಂಡು ಹಾವನೂರಿನ ಬಳಿ ತುಂಗಭದ್ರೆಯನ್ನು ದಾಟಿತು. ಮಳೆಗಾಲದಲ್ಲಿ ಯುದ್ಧ ಮಾಡುವುದು ಹುಚ್ಚೆಂದು ತೋರಬಹುದು. ವೆಲ್ಲೆಸ್ಲಿಯ ಲೆಕ್ಕ ಬೇರೆ. ಹೊಳೆ ತುಂಬಿದ ಮೇಲೆ ಹರಿಗೋಲು ಯಾರ ಬಳಿ ಇದೆಯೋ ಅವನಿಗೆ ಹೊಳೆ ದಾರಿ, ಇಲ್ಲದವನಿಗೆ ಗೋಡೆ. ವರದಾ, ಮಲಪ್ರಭಾ, ಘಟಪ್ರಭಾ, ಕೃಷ್ಣಾ ಇಷ್ಟನ್ನೂ ಅವನು ತನ್ನ ಕಡೆಯ ಸೈನ್ಯವನ್ನಾಗಿ ಮಾಡಿಕೊಂಡ. ಧೋಂಡಿಯನಿಗೆ ಹೊಳೆಯೇ ತಿರುಗಿಬಿದ್ದಿತು.

ಜೂನ್ 27ರಂದು ರಾಣಿಬೆನ್ನೂರಿನ ಕಿಲ್ಲೆ ಬಿತ್ತು. ಮೂರು ದಿನದ ಮೇಲೆ ಕಿತ್ತೂರಿನ ಕಡೆ ಧೋಂಡಿಯ ಗೋಖಲೆಯ ದಂಡಿನ ಮೇಲೆ ಬಿದ್ದು ಅವನನ್ನೇ ಕೊಂದ. ಮಿತ್ರನ ದಂಡು ದಿಕ್ಕುಗೆಟ್ಟಿತು. ಕುಂದಗೋಳ, ಡಂಬಳಗಳು ಜುಲೈಯಲ್ಲಿ ಬಿದ್ದವು. ಈ ದಿನಗಳಲ್ಲಿಯೇ ಒಂದು ಪ್ರಸಂಗ ಬರುತ್ತದೆ. ಗುಟ್ಟಾಗಿ ಹಣ ಕೊಟ್ಟರೆ ಧೋಂಡಿಯನನ್ನು ಕೊಲ್ಲಿಸುವುದಾಗಿ ಒಂದು ಸಂದೇಶ ಬಂತು. ವೆಲ್ಲೆಸ್ಲಿ ಒಪ್ಪಲಿಲ್ಲ. ಬಹಿರಂಗವಾಗಿ ಸಾರಿ ಒಬ್ಬನ ತಲೆಗೆ ಬಹುಮಾನ ಇಡುವುದು ಒಂದು, ಕತ್ತಲೆಯಲ್ಲಿ ಕೊಲೆಗೆ ಬೆಲೆ ಕುದುರಿಸುವುದು ಇನ್ನೊಂದು. ಮೊದಲನೆಯದನ್ನು ಸರ್ಕಾರ ಮಾಡಬಹುದು, ಎರಡನೆಯದು ಸೈನ್ಯದ ಮುಂದೆ ನಿಂತವನಿಗೆ ತಕ್ಕುದಲ್ಲ ಎಂದು ಬರೆದ. ಬಹುಮಾನದ ಘೋಷಣೆಗೂ ಅವನು ಅವಸರಪಡಲಿಲ್ಲ. ಜನ ಧೋಂಡಿಯನನ್ನು ಬಿಟ್ಟು ಜಾರತೊಡಗಿದ ಮೇಲೆ ಅದನ್ನು ಸಾರಬೇಕೆಂಬುದು ಅವನ ಎಣಿಕೆ. ಸಾಮ, ದಾನ, ಭೇದ, ದಂಡಗಳೆಂದು ನಾವು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಯಾವುದು ಯಾವ ಹೊತ್ತಿಗೆ ಎಂಬುದರಲ್ಲೇ ನೀತಿಯೆಲ್ಲಾ ಅಡಗಿದೆ.

ಈ ಕಾಗದವನ್ನು ಓದಿ ನನಗೆ ವೆಲ್ಲೆಸ್ಲಿಯ ಮೇಲೆ ಗೌರವ ಹುಟ್ಟಿತ್ತು. ಜುಲೈ 30ರ ವೃತ್ತಾಂತವನ್ನು ಓದಿದ ಮೇಲೆ ಅದು ಇದ್ದಂತೆ ಉಳಿಯಲಿಲ್ಲ. ಆ ದಿನ ಮಲಪ್ರಭೆಯ ದಡದ ಮುನವಳ್ಳಿಯ ಹತ್ತಿರ ಧೋಂಡಿಯನ ಸಾಮಾನು ಸರಂಜಾಮಿನ ಪಾಳೆಯವಿತ್ತು, ಅವನು ಅಲ್ಲಿರಲಿಲ್ಲ. ಕುಂಪಣಿಯ ಕುದುರೆಗಳು ಒಮ್ಮೆಗೇ ಮೇಲೆ ಬಿದ್ದವು. ಹಿಂದೆ ತುಂಬಿದ ಹೊಳೆ. ಸುಮಾರು 5000 ಜನರನ್ನು ನೀರಿಗೆ ಅಟ್ಟಲಾಯಿತು, ಅವರು ಮುಳುಗಿದರು ಎಂದು ಅವನೇ ಮುನ್ರೋಗೆ ಬರೆದಿದ್ದಾನೆ. ಸಾಮಾನಿನ ಪಾಳೆಯದಲ್ಲಿ ಇರತಕ್ಕವರು ಯಾರು? ಎತ್ತು ಹೊಡೆಯುವವರು, ಅಡುಗೆಯವರು, ಹೆಂಗಸರು, ಮಕ್ಕಳು. ಒಬ್ಬನ ಗುಟ್ಟು ಕೊಲೆಗೆ ಹೇಸಿದ ಕೈಗೆ ಹಗಲು ಹೊತ್ತಿನಲ್ಲಿ ಇಷ್ಟು ಜನರನ್ನು ಹೊಳೆಗೆ ತಳ್ಳುವುದಕ್ಕೆ ಹೇಸಿಕೆಯಾಗಲಿಲ್ಲ. ಯುದ್ಧದ ಲೆಕ್ಕದಲ್ಲಿ ಅದೇ ನಿರ್ಣಾಯಕ ದಿನ. ಆ ಮೇಲೆ ಧೋಂಡಿಯನ ದಂಡು ಕರಗತೊಡಗಿತು. ಇದನ್ನು ಮರೆಮಾಚಿ ಉಳಿದುದನ್ನು ಮಾತ್ರ ಪಾಠವೆಂದು ಹೇಳಲು ನನಗೆ ಮನಸ್ಸಿಲ್ಲ.

ಸೆಪ್ಟೆಂಬರ್ 10ರಂದು ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಕಥೆ ಮುಗಿಯಿತು. ಒಂದು ಕಾಲಕ್ಕೆ 40,000 ಕುದುರೆಯೆಂದು ಹೆಸರಾಗಿದ್ದವನ ಬಳಿ ಆ ಬೆಳಗ್ಗೆ ಇದ್ದದ್ದು 5000. ವೆಲ್ಲೆಸ್ಲಿ ನಾಲ್ಕು ರಿಸಾಲೆಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯ ಬಿದ್ದ.

ಸತ್ತ ಮೇಲೆ ಅವನಿಗೆ ಯಾವ ಹೆಸರಿಡಬೇಕು? ಕುಂಪಣಿಯವರು ದರೋಡೆಗಾರನೆಂದರು. ಈಚಿನ ಕೆಲವು ಪುಸ್ತಕಗಳು ಸ್ವಾತಂತ್ರ್ಯದ ಹೋರಾಟಗಾರನೆನ್ನುತ್ತವೆ. ಇಂದಿನ ಪತ್ರಿಕೆಯಾಗಿದ್ದರೆ ಭಯೋತ್ಪಾದಕನೆಂಬ ಪದವೂ ಬೀಳುತ್ತಿತ್ತೇನೋ. ಮುನ್ರೋ ಮಾತ್ರ ಸ್ವಲ್ಪ ವ್ಯಂಗ್ಯವಾಗಿ, ನೀವು ಅಡ್ಡ ಬರದಿದ್ದರೆ ಇವನೊಂದು ಹೊಸ ರಾಜವಂಶವನ್ನೇ ಕಟ್ಟುತ್ತಿದ್ದ ಎಂದು ವೆಲ್ಲೆಸ್ಲಿಗೆ ಬರೆದ. ನನಗೆ ತೋರುವುದಿಷ್ಟು: ಅವನು ಕುಂಪಣಿಯ ಶತ್ರುವೆಂಬುದು ದಿಟ, ಅವನ ಕುದುರೆಗಳು ಮೇಯ್ದದ್ದು ನಮ್ಮಂಥವರ ಹೊಲವನ್ನೆಂಬುದೂ ದಿಟ. ಅವನ ಕಡೆಯಿಂದ ಉಳಿದ ಕಾಗದಗಳ ಕಂತೆಯಿಲ್ಲ. ಗೆದ್ದವನ ಕಾಗದವನ್ನೇ ಓದಿ ನಾವು ತೀರ್ಪು ಹೇಳುತ್ತಿದ್ದೇವೆ. ಯಾವ ಊರುಗಳ ಹಗೇವುಗಳು ಬರಿದಾದವೋ ಆ ಊರಿನವರಂತೂ ಏನನ್ನೂ ಬರೆದಿಡಲಿಲ್ಲ.

ಧೋಂಡಿಯನನ್ನು ಕೊಂದದ್ದರಿಂದಲೇ ಸೀಮೆ ಶಾಂತವಾಯಿತೆಂದು ಹೇಳುವುದು ಸರಿಯಲ್ಲ. ಇತ್ತ ಮೈಸೂರಿನಲ್ಲಿ ದಿವಾನ್ ಪೂರ್ಣಯ್ಯನವರು ಬೇರೊಂದು ಕೆಲಸ ನಡೆಸುತ್ತಿದ್ದರು. ಟೀಪುವಿನ ಕೈಕೆಳಗೆ ದುಡಿದವರನ್ನು ಕಂದಾಚಾರದ ಆಳುಗಳಾಗಿ, ಸಿಲ್ಲೇದಾರ ಸವಾರರಾಗಿ ಸೇರಿಸಿಕೊಂಡು ಸಂಬಳ ಕೊಟ್ಟರು. ಶಾಂತಿಕಾಲದಲ್ಲಿ ಇಷ್ಟು ಜನ ಏಕೆಂದು ಖರ್ಚಿನ ಲೆಕ್ಕ ನೋಡುವವರು ಕೇಳಬಹುದಾಗಿತ್ತು. 1799ರ ಮೇ ತಿಂಗಳನ್ನು ಕಣ್ಣಾರೆ ಕಂಡಿದ್ದ ಪೂರ್ಣಯ್ಯನವರಿಗೆ ಉತ್ತರ ಗೊತ್ತಿತ್ತು. 1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಮೈಸೂರಿನ ಸಿಲ್ಲೇದಾರರು ಅವನ ಕಡೆಯಲ್ಲೇ ಕಾದಿದರು. ಮೂರು ವರ್ಷದ ಹಿಂದೆ ಇಂಥ ಸವಾರರಿಗಾಗಿಯೇ ಧೋಂಡಿಯನು ಹಸಿದಿದ್ದ.

ಈ ಶಾಂತಿಯೂ ಶಾಶ್ವತವಾಗಲಿಲ್ಲ. 1830-31ರಲ್ಲಿ ಇದೇ ಬಿದನೂರು ನಗರದ ಸೀಮೆ, ಹೊನ್ನಾಳಿ, ಶಿಕಾರಿಪುರಗಳ ಸುತ್ತಲೇ, ಮತ್ತೆ ಎದ್ದಿತು. ಆಗ ಸೆರೆಯಿಂದ ತಪ್ಪಿಸಿಕೊಂಡವನಾಗಲಿ ಕೆಲಸ ಕಳೆದುಕೊಂಡ ಸವಾರರಾಗಲಿ ಕಾರಣರಲ್ಲ. ಕಂದಾಯದ ಹೊರೆ ತಾಳಲಾರದ ರೈತರು. ಅದರ ಪರಿಣಾಮವಾಗಿ 1831ರಲ್ಲಿ ಮೈಸೂರಿನ ಆಡಳಿತವೇ ಅರಸರ ಕೈಯಿಂದ ಜಾರಿ ಇಂಗ್ಲಿಷರ ಕಮಿಷನರುಗಳ ಕೈಸೇರಿ 50 ವರ್ಷ ಅಲ್ಲಿಯೇ ಉಳಿಯಿತು. ಹರಿಹರದಲ್ಲಿ ಕುಂಪಣಿಯ ದಂಡಿನ ಠಾಣ್ಯ ಇದ್ದೇ ಇತ್ತು. 1865ರವರೆಗೂ ಅಲ್ಲೊಂದು ಪಲ್ಟನ್ನು ಇತ್ತು. ದಂಡು ಹತ್ತಿರವಿದ್ದ ಮಾತ್ರಕ್ಕೆ ದಂಗೆ ಏಳದಿರಲಿಲ್ಲ. ಪಲ್ಟನ್ನು ಹೋದ ಮೂರು ವರ್ಷಕ್ಕೆ, 1868ರಲ್ಲಿ, ತುಂಗಭದ್ರೆಗೆ ಸೇತುವೆಯಾಯಿತು.

ಇದನ್ನೆಲ್ಲಾ ಅಣ್ಣನಿಗೆ ದೂರವಾಣಿಯಲ್ಲಿ ಹೇಳಿದೆ. ಎತ್ತಿನ ಕಥೆ ಅವನಿಗೆ ಬಹಳ ಹಿಡಿಸಿತು. ಕೋನಗಲ್ಲಿನ ಕೊನೆಯ ಸಂಗತಿಯನ್ನು ಎರಡು ಸಲ ಹೇಳಿಸಿದ. ಯುದ್ಧ ಮುಗಿದ ಮೇಲೆ ಧೋಂಡಿಯನ ಸಾಮಾನುಗಳ ನಡುವೆ ನಾಲ್ಕು ವರ್ಷದ ಒಂದು ಹುಡುಗ ಸಿಕ್ಕಿದ. ಅವನ ಮಗ, ಸಲಾಬತ್ ಖಾನ್ ಎಂದು ಹೆಸರು. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಡೇರೆಗೆ ಕರೆಸಿಕೊಂಡು ಶ್ರೀರಂಗಪಟ್ಟಣದಲ್ಲಿ ಸಾಕಿಸಿದ. 1805ರಲ್ಲಿ ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನು ಇಟ್ಟುಹೋದ. ಸಲಾಬತ್ ಖಾನನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿದನು. 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.